ಶೆಡ್ ಸಾಲಿನಲ್ಲಿ ಯಾರೂ ವಾಸವಿಲ್ಲ

ಎಂಟು ನಿಮಿಷ ಸಾಕಾಗಿತ್ತು. ಎಂಟೇ ನಿಮಿಷದಲ್ಲಿ ಮೂವತ್ತೆಂಟು ಸಂಸಾರಗಳು ಮಾಯವಾಗಿಬಿಡುತ್ತಿದ್ದವು. ಇಂದ್ರಜಾಲ ಅಂದುಕೊಳ್ಳಬೇಡಿ, ಹೊಟ್ಟೆಪಾಡು.

ಹಳೇ ನೂಲಿನ ಕಾರ್ಖಾನೆಯ ಗೋದಾಮಿಗೆ ಅಡ್ಡಗೋಡೆ ಎಬ್ಬಿಸಿ ಎಬ್ಬಿಸಿ ಮಾಡಿದ ಸಾಲು ಅದು. ಒಂದೊಂದು ಶೆಡ್ಡೂ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದ. ಮೇಲೆ ತಗಡು. ಬೇಸಿಗೆಯಲ್ಲಿ ಒಳಗೆ ಕೂತವರ ತಲೆ ಬೇಯುತ್ತಿತ್ತು, ಮಳೆ ಹಿಡಿದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುತ್ತಿರಲಿಲ್ಲ. ಹಗಲೆಲ್ಲ ಅಲ್ಲಿ ಹೊಲಿಗೆ, ಮರಗೆಲಸ, ಬೀಗ ರಿಪೇರಿ, ರಟ್ಟಿನ ಡಬ್ಬಿ ಅಂಟಿಸುವುದು. ಕೆಲಸ ಮುಗಿದ ಮೇಲೆ ಅದೇ ಮೇಜಿನ ಮೇಲೆ ಅಡುಗೆ, ಅದೇ ನೆಲದ ಮೇಲೆ ನಿದ್ದೆ. ನಲವತ್ತೊಂದು ಶೆಡ್ಡಿನಲ್ಲಿ ಮೂರು ಬಿಟ್ಟು ಉಳಿದದ್ದರಲ್ಲೆಲ್ಲ ಸಂಸಾರ. ಎಲ್ಲಕ್ಕೂ ಸೇರಿ ನಲ್ಲಿ ಎರಡು, ಪಾಯಿಖಾನೆ ಮೂರು. ಆ ಮೂರರಲ್ಲಿ ಒಂದಕ್ಕೆ ಬಾಗಿಲೇ ಇರಲಿಲ್ಲ.

ಕಾನೂನಿನ ಪ್ರಕಾರ ಅಲ್ಲಿ ಯಾರೂ ವಾಸ ಮಾಡುವ ಹಾಗಿರಲಿಲ್ಲ. ನಗರದ ನಕ್ಷೆಯಲ್ಲಿ ಆ ಜಾಗಕ್ಕೆ ನೇರಳೆ ಬಣ್ಣ ಬಳಿದಿದ್ದರು. ನೇರಳೆ ಅಂದರೆ ಕೈಗಾರಿಕೆ. ಮನುಷ್ಯರು ಸಂಸಾರ ಹೂಡಬೇಕಾದರೆ ಹಳದಿ ಬಣ್ಣದ ಜಾಗಕ್ಕೆ ಹೋಗಬೇಕು. ಹಳದಿ ಜಾಗದಲ್ಲಿ ಒಂದು ಕೋಣೆಯ ಬಾಡಿಗೆ ಕೇಳಿದರೆ ಸಾಲಿನ ಕಾಜಾ ಅಕ್ಕನಿಗೆ ತಲೆ ತಿರುಗುತ್ತಿತ್ತು. ಅವಳ ಇಡೀ ತಿಂಗಳ ದುಡಿಮೆ ಸುರಿದರೂ ಸಾಲದು. ಹಾಗಾಗಿ ನೇರಳೆಯಲ್ಲೇ ಬದುಕು, ಅದೂ ಕದ್ದುಮುಚ್ಚಿ.

ಅಂಗಿಗಳಿಗೆ ಕೈಯಲ್ಲಿ ಕಾಜಾ, ಅಂದರೆ ಗುಂಡಿ ತೂರಿಸುವ ತೂತು, ಹೊಲಿದು ಗುಂಡಿ ಹಚ್ಚುವುದು ಅವಳ ಕಸುಬು. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟು ಕಟ್ಟಿದ್ದವು. ಗಂಡ ಒಂದು ದಿನ ಲಾರಿ ಹತ್ತಿ ಹೋದವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಹೋಗುವಾಗ ತನ್ನ ಅವ್ವನನ್ನೂ ಮಗಳನ್ನೂ ಇವಳಿಗೇ ಬಿಟ್ಟುಹೋದ, ಪುಣ್ಯಾತ್ಮ. ಅತ್ತೆಗೆ ಮಂಡಿ ಹಿಡಿದುಕೊಂಡು ನಡೆಯಲು ಆಗುತ್ತಿರಲಿಲ್ಲ, ಆದರೆ ನಾಲಿಗೆಗೆ ಯಾವ ಕಾಯಿಲೆಯೂ ಇರಲಿಲ್ಲ. ಮಗಳು ಹತ್ತನೇ ತರಗತಿ.

ಕಾಜಾ ಅಕ್ಕನದು ಗಲ್ಲಿಯ ಬಾಯಲ್ಲೇ ಇದ್ದ ಒಂದನೇ ಶೆಡ್. ನಗರದ ಆಫೀಸಿನ ತಪಾಸಣೆಯವರು ತಿರುವಿನಲ್ಲಿ ಕಂಡರೆ ಸಾಕು, ಕತ್ತರಿಯ ಹಿಡಿಯಿಂದ ಷಟರಿಗೆ ಮೂರು ಸಲ ಬಡಿಯುತ್ತಿದ್ದಳು. ಅಷ್ಟೇ ಸಂಕೇತ. ಒಲೆಗಳು ಕತ್ತರಿಸುವ ಮೇಜಿನ ಕೆಳಗೆ, ಪಾತ್ರೆಗಳು ರಟ್ಟಿನ ಪೆಟ್ಟಿಗೆಗೆ, ಹಾಸಿಗೆಗಳು ಬಟ್ಟೆ ಮೂಟೆಗಳ ನಡುವೆ ಅಟ್ಟಕ್ಕೆ. ಮಕ್ಕಳು ಹಿಂದಿನ ಗೋಡೆಯ ಬಿರುಕಲ್ಲಿ ನುಸುಳಿ ಆಟದ ಬಯಲಿಗೆ. ಅತ್ತೆಯನ್ನು ಇಬ್ಬರು ಎತ್ತಿ ತಂದು ಹೊಲಿಗೆ ಯಂತ್ರದ ಮುಂದೆ ಕೂರಿಸುತ್ತಿದ್ದರು. ಆಕೆ ಕನ್ನಡಕ ಏರಿಸಿ, ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದವಳ ಹಾಗೆ ಚಿಂದಿ ಬಟ್ಟೆಯೊಂದನ್ನು ಹಿಡಿದುಕೊಳ್ಳುತ್ತಿದ್ದಳು.

ಸಿಕ್ಕಿಬಿದ್ದರೆ ಶೆಡ್ಡಿಗೆ ಸೀಲು. ಹಿಂದೆ ಹದಿನೇಳನೆಯ ಶೆಡ್ಡಿನವರು ಹಾಗೆ ಸಿಕ್ಕಿಬಿದ್ದು, ಸಾಮಾನೆಲ್ಲ ಒಳಗೇ ಉಳಿದು, ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಿದ್ದಿದ್ದರು. ಅದನ್ನು ಕಣ್ಣಾರೆ ಕಂಡವರು ಮತ್ತೆ ಮೈಮರೆಯಲಿಲ್ಲ.

ಶೆಡ್ಡುಗಳ ಯಜಮಾನನಿಗೆ ಇದೆಲ್ಲ ಗೊತ್ತಿತ್ತು. ಕರಾರು ಬರೆಸಿಕೊಳ್ಳುವಾಗ 'ಕೆಲಸದ ಜಾಗ ಮಾತ್ರ' ಎಂದು ಬರೆಸಿಕೊಳ್ಳುತ್ತಿದ್ದ, ಬಾಡಿಗೆ ಮಾತ್ರ ಮನೆಯ ಲೆಕ್ಕದಲ್ಲಿ ಎಣಿಸಿಕೊಳ್ಳುತ್ತಿದ್ದ. ಬಾಗಿಲಲ್ಲಿ ನಿಂತು ಒಳಗೆ ಒಗ್ಗರಣೆಯ ವಾಸನೆ ಬಂದರೆ ಮುಖ ತಿರುಗಿಸಿ, "ನಾನೇನೂ ನೋಡಿಲ್ಲಪ್ಪ" ಎನ್ನುತ್ತಿದ್ದ. ಸಾಲಿನವರು ಅವನಿಗೆ ನೋಡಿಲ್ಲಪ್ಪ ಅಂತಲೇ ಹೆಸರಿಟ್ಟಿದ್ದರು.

ಆ ಸೋಮವಾರ ನೋಡಿಲ್ಲಪ್ಪ ಬಾಡಿಗೆಯ ದಿನವಲ್ಲದ ದಿನ ಬಂದ. ಬಂದವನು ಕಾಜಾ ಅಕ್ಕನ ಶೆಡ್ಡಿನ ಮುಂದೆಯೇ ನಿಂತ.

"ನಾಳೆ ಆಫೀಸಿನೋರು ಬರ್ತಾರಮ್ಮ. ಮಾಮೂಲಿ ತರ ಅಲ್ಲ, ಒಂದೊಂದು ಶೆಡ್ಡೂ ಒಳಗೆ ಹೊಕ್ಕು ನೋಡ್ತಾರೆ. ಹುಷಾರಾಗಿರಿ. ಒಂದು ಚಮಚ ಸಿಕ್ರೂ ನಾನು ಜವಾಬ್ದಾರನಲ್ಲ."

"ಎಷ್ಟ್ ಹೊತ್ತಿಗೆ ಯಜಮಾನ್ರೇ?"

"ಹನ್ನೊಂದು. ಎಲ್ಲರಿಗೂ ಹೇಳಿಬಿಡು. ನಿನ್ನ ಮಾತಾದ್ರೆ ಕೇಳ್ತಾರೆ."

ಅವನು ಹೋದ ಮೇಲೆ ಕಾಜಾ ಅಕ್ಕನಿಗೆ ಅವನ ಮೇಲೆ ಮೊದಲ ಸಲ ಸ್ವಲ್ಪ ಮರ್ಯಾದೆ ಬಂತು. ಪರವಾಗಿಲ್ಲ, ಮನುಷ್ಯತ್ವ ಇದೆ ಅಂದುಕೊಂಡಳು. ಒಂಬತ್ತನೇ ಶೆಡ್ಡಿನ ಬಡಗಿ ಮಾವನಿಗೆ ಹೇಳಿದಳು, ಬೀಗದವನ ಹೆಂಡತಿಗೆ ಹೇಳಿದಳು. ಸಾಲಿನ ತುದಿಯವರೆಗೂ ನಡೆದು ಪ್ರತಿ ಬಾಗಿಲಲ್ಲೂ ಹೇಳಿ ಬಂದಳು.

ಮರುದಿನ ಬಂದವಳು ಒಬ್ಬ ಹುಡುಗಿ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಹಲಗೆಯಂಥ ಟ್ಯಾಬು, ಬಿಸಿಲಿಗೆ ಕೆಂಪಾದ ಮುಖ. ಕುಡಿಯಲು ನೀರು ಕೇಳಿದಳು. ಕಾಜಾ ಅಕ್ಕ ಲೋಟದಲ್ಲಿ ಕೊಡಲು ಹೋದವಳು ನಾಲಿಗೆ ಕಚ್ಚಿಕೊಂಡು ಬಾಟಲಿಯಲ್ಲೇ ಕೊಟ್ಟಳು. ಲೋಟ ಇದ್ದರೆ ಸಂಸಾರ ಇದ್ದ ಹಾಗೆ.

"ಅಮ್ಮಾ, ಈ ಶೆಡ್ಡಲ್ಲಿ ಎಷ್ಟು ಜನ ವಾಸ ಇದ್ದೀರಿ?"

"ವಾಸಾನಾ? ಇಲಿ ಬಿಟ್ರೆ ಇಲ್ಲಿ ಯಾರು ವಾಸ ಮಾಡ್ತಾರೆ ತಾಯಿ?"

ಹುಡುಗಿ ನಕ್ಕಳು. "ಈ ಅಜ್ಜಿ?"

"ಕೆಲಸಕ್ಕೆ ಬರ್ತಾರೆ."

"ಈ ವಯಸ್ಸಿನಲ್ಲಾ?"

"ಹೊಟ್ಟೆಗೆ ವಯಸ್ಸಾಗಿಲ್ಲ ಕಣಮ್ಮ" ಎಂದಳು ಅತ್ತೆ, ಬಟ್ಟೆಯಿಂದ ಕಣ್ಣೆತ್ತದೆ.

ಹುಡುಗಿಯ ಕಣ್ಣು ಕಿಟಕಿಯ ಸರಳಿಗೆ ಹೋಯಿತು. ಅಲ್ಲಿ ಒಂದು ಜೊತೆ ಕಾಲುಚೀಲ ಒಣಗುತ್ತಿತ್ತು.

"ಇದು?"

"ಆರ್ಡರ್ ಮಾಲು. ಯಾವುದೋ ಶಾಲೇದು."

"ಒಂದೇ ಜೊತೆ?"

"ಸ್ಯಾಂಪಲ್ಲು."

ಹುಡುಗಿ ಟ್ಯಾಬು ಕೆಳಗಿಳಿಸಿದಳು. ದನಿ ತಗ್ಗಿಸಿದಳು. "ಅಮ್ಮಾ, ಯಾರಾದ್ರೂ ಇದ್ರೆ ಹೇಳಿಬಿಡಿ. ನಿಮ್ಮ ಒಳ್ಳೇದಕ್ಕೇ ಕೇಳ್ತಿರೋದು."

ಆ ಒಂದು ಮಾತೇ ಕೆಲಸ ಕೆಡಿಸಿದ್ದು. ಹದಿನೇಳನೇ ಶೆಡ್ಡಿಗೆ ಸೀಲು ಹಾಕಿದವನೂ ಹೀಗೇ ಅಂದಿದ್ದ, ನಿಮ್ಮ ಒಳ್ಳೇದಕ್ಕೇ ಅಂತ. ಒಳ್ಳೇದಕ್ಕೆ ಅಂದುಕೊಂಡು ಬಂದವರು ಯಾರು ಒಳ್ಳೇದು ಮಾಡಿದ್ದಾರೆ? ಕಾಜಾ ಅಕ್ಕ ಇನ್ನಷ್ಟು ಬಿಗಿಯಾದಳು. "ಇದ್ದಿದ್ರೆ ಹೇಳದೇ ಇರ್ತಿದ್ವಾ?" ಎಂದಳು.

ಹುಡುಗಿ ನಲವತ್ತೊಂದು ಶೆಡ್ಡನ್ನೂ ನೋಡಿ ಮಧ್ಯಾಹ್ನ ಒಂದು ದಾಟಿದ ಮೇಲೆ ವಾಪಸ್ ಬಂದಳು. ಎಲ್ಲೂ ಒಂದು ಚಮಚ ಸಿಕ್ಕಿರಲಿಲ್ಲ. ಸ್ಥಳೀಯ ಸಾಕ್ಷಿ ಅಂತ ಒಬ್ಬರ ಸಹಿ ಬೇಕಂತೆ. ಬಡಗಿ ಮಾವ ಕಾಜಾ ಅಕ್ಕನ ಕಡೆ ಕೈ ತೋರಿಸಿದ. ಅವಳು ಟ್ಯಾಬಿನ ಗಾಜಿನ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದಳು, ಮಗಳು ಕಲಿಸಿದ ಹಾಗೆ ದುಂಡಗೆ. ಸಂಜೆ ಇಡೀ ಸಾಲು ನಗುತ್ತಿತ್ತು. "ಅಕ್ಕ, ನೀನು ನಾಟಕ ಕಂಪನಿ ಸೇರಬೇಕಿತ್ತು" ಎಂದು ಬೀಗದವನ ಹೆಂಡತಿ ಅವಳ ಬೆನ್ನು ಗುದ್ದಿದಳು.

ಐದು ವಾರದ ಮೇಲೆ ಗೇಟಿಗೆ ಒಂದು ಕಾಗದ ಅಂಟಿಸಿದರು. ಶಾಲೆಯಿಂದ ಬರುತ್ತಿದ್ದ ಮಗಳು ಅದನ್ನು ನಿಂತು ಓದಿದಳು. ಓದಿ, ಮತ್ತೊಮ್ಮೆ ಓದಿ, ಓಡಿ ಬಂದಳು.

"ಅಮ್ಮಾ, ನಮ್ಮ ಜಾಗಾನ ಹಳದಿ ಮಾಡ್ತಾರಂತೆ."

"ಅಂದ್ರೆ?"

"ಅಂದ್ರೆ ಜನ ವಾಸ ಮಾಡಬಹುದು. ಹದಿನಾಲ್ಕು ಅಂತಸ್ತು ಕಟ್ತಾರಂತೆ. ಈಗ ವಾಸ ಇರೋರಿಗೆಲ್ಲ ಹೊಸ ಕಟ್ಟಡದಲ್ಲಿ ಹಳೇ ಬಾಡಿಗೆಗೇ ಒಂದೊಂದು ಮನೆ ಕೊಡಲೇಬೇಕು ಅಂತ ಕಾನೂನು."

ಕಾಜಾ ಅಕ್ಕನ ಕೈಯಲ್ಲಿದ್ದ ಸೂಜಿ ನಿಂತಿತು. ಒಂದು ಗಳಿಗೆ, ಒಂದೇ ಗಳಿಗೆ, ಅವಳಿಗೆ ಬಾಗಿಲಿರುವ ಬಚ್ಚಲುಮನೆ ಕಂಡಿತು. ಆಮೇಲೆ ಮಗಳ ಮುಖ ನೋಡಿದಳು.

"ಮುಂದೆ ಏನು ಬರೆದಿದೆ, ಹೇಳು."

"ಸರ್ವೆ ದಿನ ವಾಸ ಇದ್ದ ಕುಟುಂಬಗಳು, ಸೊನ್ನೆ. ಕೆಲಸದ ಶೆಡ್ಡುಗಳನ್ನ ತೊಂಬತ್ತು ದಿನದಲ್ಲಿ ಖಾಲಿ ಮಾಡಬೇಕು." ಮಗಳು ಶಾಲೆಯ ಚೀಲ ಕೆಳಗಿಟ್ಟಳು. "ಸಾಕ್ಷಿ ಅಂತ ನಿನ್ನ ಹೆಸರು ಹಾಕಿದಾರಮ್ಮ."

ಗಲ್ಲಿಗೆ ಗಲ್ಲಿಯೇ ಗೇಟಿನ ಮುಂದೆ ಸೇರಿತು. ಓದು ಬರುವವರು ಬಾರದವರಿಗೆ ಓದಿ ಹೇಳಿದರು. ಆಮೇಲೆ ಎಲ್ಲರೂ ಕಾಜಾ ಅಕ್ಕನ ಕಡೆ ತಿರುಗಿದರು. ತಪ್ಪು ಎಲ್ಲರದೂ, ಆದರೆ ಹೆಸರು ಇದ್ದದ್ದು ಒಬ್ಬಳದೇ.

"ಆ ಸರ್ವೆ ಹುಡುಗಿ ಎರಡೆರಡು ಸಲ ಕೇಳಿದಳಂತೆ. ಇದ್ದಾರೆ ಅನ್ನೋಕೆ ನಿನ್ನ ಬಾಯಿಗೇನಾಗಿತ್ತೇ?" ಎಂದಳು ಬೀಗದವನ ಹೆಂಡತಿ. "ನನ್ನ ಮಕ್ಕಳ ತಲೆ ಮೇಲೆ ಕಲ್ಲು ಹಾಕಿದೆಯಲ್ಲೇ."

ಕಾಜಾ ಅಕ್ಕ ಗುಂಪು ಸರಿಸಿಕೊಂಡು ಶೆಡ್ಡಿನೊಳಗೆ ಹೋದಳು. ಅವತ್ತಿನಿಂದ ನಲ್ಲಿಯ ಹತ್ತಿರ ಅವಳು ಬಿಂದಿಗೆ ಹಿಡಿದು ಹೋದರೆ ಮಾತು ನಿಲ್ಲುತ್ತಿತ್ತು. ಜಾಗ ಬಿಡುತ್ತಿದ್ದರು, ಸುಮ್ಮನೆ, ಮುಖ ನೋಡದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬಡಗಿ ಮಾವ ನಾಲ್ಕು ಜನರನ್ನು ಕಟ್ಟಿಕೊಂಡು ನೋಡಿಲ್ಲಪ್ಪನ ಮನೆಗೆ ಹೋದ. ಕಾಜಾ ಅಕ್ಕನೂ ಹಿಂದೆ ಹೋದಳು. ಯಜಮಾನ ಜಗುಲಿಯಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ.

"ಮನೆ ಕೊಡೋದು ತಪ್ಪಿಸ್ಕೊಳ್ಳೋಕೆ ಸರ್ವೆ ಅನ್ನೋದು ಮುಚ್ಚಿಟ್ಟು, ಹುಷಾರಾಗಿರಿ ಅಂತ ಹೇಳಿ ನಮ್ಮ ಕುತ್ತಿಗೆ ಕುಯ್ದ್ರಲ್ಲ ಯಜಮಾನ್ರೇ" ಎಂದ ಬಡಗಿ ಮಾವ.

"ನಾನೇನು ಸುಳ್ಳು ಹೇಳಿದೆನಾ? ಆಫೀಸಿನೋರು ಬರ್ತಾರೆ ಅಂದೆ. ಬಂದ್ರು. ಒಳಗೆ ಹೊಕ್ಕು ನೋಡ್ತಾರೆ ಅಂದೆ. ನೋಡಿದ್ರು. ಯಾರೂ ಇಲ್ಲ ಅಂದವರು ನೀವು." ಇನ್ನೊಂದು ಉಗುರು ಹಾರಿಸಿದ. "ಈಗಲೂ ನಾನು ಕೆಟ್ಟವನಲ್ಲ. ಬರೋ ಗುರುವಾರ ಜನರ ಅಹವಾಲು ಸಭೆ ಇದೆ. ಅಲ್ಲಿ ಯಾರೂ ತಕರಾರು ಎತ್ತದೇ ಇದ್ರೆ ಒಂದೊಂದು ಶೆಡ್ಡಿಗೂ ಸಾಮಾನು ಸಾಗಿಸೋ ಲಾರಿ ನನ್ನ ಖರ್ಚು. ಎರಡು ತಿಂಗಳ ಬಾಡಿಗೆ ವಾಪಸ್ಸು. ಬಾಯಿ ಬಿಟ್ರೆ ಅದೂ ಇಲ್ಲ."

ಬಡಗಿ ಮಾವನ ಕೈ ಮುಷ್ಟಿ ಕಟ್ಟಿತು, ಮತ್ತೆ ಬಿಚ್ಚಿಕೊಂಡಿತು. ಅವನ ಮನೆಯಲ್ಲಿ ಏಳು ಜನ.

ಕಾಜಾ ಅಕ್ಕ ಒಂದು ದಿನದ ಕೂಲಿ ಬಿಟ್ಟು ಆಫೀಸಿಗೆ ಹೋದಳು. ತಿದ್ದುಪಡಿಯ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ಕೆಟ್ಟವನೇನಲ್ಲ. ಅವಳ ಮಾತು ಪೂರ್ತಿ ಕೇಳಿದ.

"ವಾಸ ಇದ್ದಿದ್ದಕ್ಕೆ ದಾಖಲೆ ಏನಿದೆ? ಕರೆಂಟ್ ಬಿಲ್ಲು?"

"ಅದು ಕಾರ್ಖಾನೆ ಲೆಕ್ಕದಲ್ಲಿದೆ ಸಾರ್."

"ರೇಷನ್ ಕಾರ್ಡು? ಮಗಳ ಶಾಲೆ ದಾಖಲೆ?"

"ಎಲ್ಲ ನಮ್ಮ ಅಕ್ಕನ ಮನೆ ವಿಳಾಸ. ಇಲ್ಲೀದು ಕೊಟ್ರೆ ಸಿಕ್ಕಿಬೀಳ್ತೀವಿ ಅಂತ..."

ಗುಮಾಸ್ತ ಪೆನ್ನು ಮುಚ್ಚಿದ. "ನೋಡಮ್ಮ, ನೀವು ಅಲ್ಲಿ ಇರಲಿಲ್ಲ ಅಂದ್ರೆ ಮನೆ ಸಿಗಲ್ಲ. ಸರ್ವೆ ದಿನ ಹೇಳಿದ್ದಿದ್ರೆ ಲೆಕ್ಕಕ್ಕೆ ಬರ್ತಿತ್ತು. ಈಗ ಇದ್ವಿ ಅಂತ ಬರೆದುಕೊಟ್ರೆ ಇಷ್ಟು ವರ್ಷ ಕಾನೂನು ಮುರಿದಿದ್ದೀರಿ ಅಂತ ಆಗುತ್ತೆ. ಏಳು ದಿನದಲ್ಲಿ ಸೀಲು. ಆ ತೊಂಬತ್ತು ದಿನಾನೂ ಹೋಗುತ್ತೆ. ನನ್ನ ಕೇಳಿದ್ರೆ ಸುಮ್ಮನೆ ಮನೆಗೆ ಹೋಗಿ."

ಅವಳು ಮೆಟ್ಟಿಲ ಮೇಲೆ ತುಂಬ ಹೊತ್ತು ಕೂತಿದ್ದಳು. ಇದ್ದೀವಿ ಅಂದರೂ ಬೀದಿ, ಇಲ್ಲ ಅಂದರೂ ಬೀದಿ. ಹಾಗಾದರೆ ಮನುಷ್ಯ ಬಾಯಿ ಬಿಟ್ಟು ಏನು ಅನ್ನಬೇಕು? ಯಾರನ್ನು ಕೇಳಬೇಕೋ ಅವಳಿಗೆ ತಿಳಿಯಲಿಲ್ಲ.

ಆ ವಾರ ಬಿಡುವಾದಾಗಲೆಲ್ಲ ಕೋಣೆ ಹುಡುಕಿದಳು. ಒಂದು ಕಡೆ ಮುಂಗಡ ಕೇಳಿಯೇ ವಾಪಸ್ ಬಂದಳು. ಇನ್ನೊಂದು ಕಡೆ ಮನೆಯೊಡತಿ, "ಮುದುಕಿ ಇದ್ರೆ ಬೇಡ, ನಾಳೆ ಏನಾದ್ರೂ ಆದ್ರೆ ನಮಗೆ ರಗಳೆ" ಎಂದಳು. ಮೂರನೆಯದು ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕ, ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಎದ್ದು ಕೂರಬೇಕು. ಅದನ್ನೂ ಅವಳು ಒಪ್ಪಿದ್ದಳು. ಬೆಳಿಗ್ಗೆ ಹೋಗುವಷ್ಟರಲ್ಲಿ ಬೇರೆ ಯಾರೋ ಹಿಡಿದುಬಿಟ್ಟಿದ್ದರು.

ಮನೆಗೆ ಬಂದಾಗ ಅತ್ತೆ ತನ್ನ ಎರಡು ಸೀರೆಯನ್ನು ಚೀಲಕ್ಕೆ ತುಂಬಿಕೊಂಡು ಕೂತಿದ್ದಳು.

"ಏನತ್ತೆ ಇದು?"

"ನನ್ನ ಎಲ್ಲಾದ್ರೂ ಬಿಟ್ಟುಬಿಡೇ. ಬಸ್ ಸ್ಟ್ಯಾಂಡಲ್ಲಾದ್ರೂ ಸರಿ. ಮುದುಕಿ ಇಲ್ಲ ಅಂದ್ರೆ ನಿಮ್ಮಿಬ್ಬರಿಗೆ ಯಾರಾದ್ರೂ ಕೋಣೆ ಕೊಡ್ತಾರೆ."

"ಬಾಯಿ ಮುಚ್ಕೊಂಡು ಕೂತ್ಕೊಳ್ಳಿ."

"ನಿಜ ಹೇಳು. ನಿನ್ನ ಮನಸ್ಸಲ್ಲಿ ಬಂದಿಲ್ವಾ?"

ಬಂದಿತ್ತು. ಆ ಎರಡನೇ ಮನೆಯ ಬಾಗಿಲಲ್ಲಿ ನಿಂತಾಗ ಬಂದಿತ್ತು. ಕಾಜಾ ಅಕ್ಕ ಚೀಲ ಕಿತ್ತುಕೊಂಡು ಸೀರೆ ಹೊರಗೆ ಎಳೆದಳು, ಆಮೇಲೆ ಆ ಸೀರೆಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಅತ್ತೆ ಅವಳ ತಲೆ ಸವರಲಿಲ್ಲ. ಅವಳೂ ಅಳುತ್ತಿದ್ದಳು.

ಬುಧವಾರ ಸಾಲಿನವರು ಸೇರಿ ತೀರ್ಮಾನ ಮಾಡಿದರು. ಸಭೆಗೆ ಹೋಗುವುದು, ಬಾಯಿ ಬಿಡುವುದು ಬೇಡ. ಲಾರಿಯಾದರೂ ಸಿಗಲಿ. ಬಡಗಿ ಮಾವ ಕಾಜಾ ಅಕ್ಕನನ್ನೇ ನೋಡಿ, "ಒಬ್ಬರು ಬಾಯಿ ಬಿಟ್ರೂ ಎಲ್ಲರಿಗೂ ಸೀಲು. ಗೊತ್ತಾಯ್ತಾ?" ಎಂದ. ಅವಳು ತಲೆಯಾಡಿಸಿದಳು.

ಸಭೆ ಮಧ್ಯಾಹ್ನ ಮೂರಕ್ಕೆ. ದೊಡ್ಡ ಹಾಲು, ಮೇಲೆ ಸಾಲಾಗಿ ಫ್ಯಾನುಗಳು, ಮುಂದೆ ಬಿಳಿ ಬಟ್ಟೆ ಹಾಸಿದ ಮೇಜು. ಹಿರಿಯ ಅಧಿಕಾರಿ ಒಬ್ಬೊಬ್ಬರಿಗೂ ಮೂರು ನಿಮಿಷ ಅಂದರು. ಸಾಲಿನವರು ಹಿಂದಿನ ಕುರ್ಚಿಗಳಲ್ಲಿ ಕೂತರು. ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ತಂದಿದ್ದರು. ಒಬ್ಬಳೇ ಇರಲ್ಲ ಅಂತ ಹಟ ಹಿಡಿದಿದ್ದಳು.

ಮೊದಲು ಎದ್ದವರು ಎದುರಿನ ಅಪಾರ್ಟ್‌ಮೆಂಟಿನ ನಿವೃತ್ತರೊಬ್ಬರು. ಹದಿನಾಲ್ಕು ಅಂತಸ್ತು ಎದ್ದರೆ ತಮ್ಮ ಬಾಲ್ಕನಿಗೆ ಬಿಸಿಲು ಬೀಳುವುದಿಲ್ಲ, ಹನ್ನೊಂದಾದರೆ ಅಡ್ಡಿಯಿಲ್ಲ ಎಂದರು. ಆಮೇಲೆ ಕನ್ನಡಕದ ಯುವಕನೊಬ್ಬ ಎದ್ದ. ಊರಲ್ಲಿ ಮನೆಗಳು ಹೆಚ್ಚಾದಷ್ಟೂ ಬಾಡಿಗೆ ಇಳಿಯುತ್ತದೆ, ಹದಿನಾಲ್ಕಲ್ಲ, ಇಪ್ಪತ್ತು ಕಟ್ಟಬೇಕು ಎಂದು ಗೆರೆಗಳ ಚಿತ್ರ ತೋರಿಸಿದ. ಅವನ ಮಾತಿನಲ್ಲಿ ಕಪಟ ಇರಲಿಲ್ಲ. ಎಲ್ಲಿಂದ ಎಬ್ಬಿಸಿ ಕಟ್ಟುತ್ತಾರೆ ಅನ್ನುವುದು ಮಾತ್ರ ಅವನ ಚಿತ್ರದಲ್ಲಿ ಇರಲಿಲ್ಲ. ಕಟ್ಟುವ ಕಂಪನಿಯವನು ಎದ್ದು ಹತ್ತರಲ್ಲೊಂದು ಮನೆ ಕೈಗೆಟಕುವ ಬೆಲೆಯದು ಎಂದ. ಬೆಲೆಯನ್ನೂ ಹೇಳಿದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಯಾವ ಕೈಗೆ ಎಟಕುವುದೋ ಏನೋ, ಸೂಜಿ ಹಿಡಿದ ಕೈಗಂತೂ ಅಲ್ಲ.

ಕೊನೆಗೆ ಒಬ್ಬ ಹೆಂಗಸು ಎದ್ದರು. ಗೋದಾಮಿನ ಮುಂದಿನ ಇಟ್ಟಿಗೆ ಗೋಡೆ ನೂರು ವರ್ಷ ಹಳೆಯದು, ಅದನ್ನು ಕೆಡವಬಾರದು, ಅದಕ್ಕೊಂದು ಜೀವ ಇದೆ ಎಂದು ಗದ್ಗದಿತರಾದರು. ಅಧಿಕಾರಿ ಕಂಪನಿಯವನ ಕಡೆ ನೋಡಿದರು. ಕಂಪನಿಯವನು ತಲೆಯಾಡಿಸಿದ. ಗೋಡೆ ಉಳಿಸಿಕೊಳ್ಳಲಾಗುವುದು ಎಂದು ಬರೆದುಕೊಂಡರು. ಗೋಡೆಗೆ ಜಾಗ ಸಿಕ್ಕಿತು.

"ಇನ್ನು ನಿವಾಸಿಗಳ ಆಕ್ಷೇಪಣೆ" ಎಂದು ಅಧಿಕಾರಿ ಹಾಳೆ ತಿರುವಿದರು. "ಸದರಿ ಸ್ಥಳದಲ್ಲಿ ಯಾರೂ ವಾಸವಿಲ್ಲದ ಕಾರಣ ಆಕ್ಷೇಪಣೆ ಇಲ್ಲ. ಸ್ಥಳೀಯ ಸಾಕ್ಷಿಯ ಸಹಿ ಇದೆ." ಆಮೇಲೆ ಮೈಕಿನಲ್ಲಿ ಅವಳ ಹೆಸರನ್ನು ಪೂರ್ತಿಯಾಗಿ, ತಂದೆಯ ಹೆಸರಿನ ಸಮೇತ ಓದಿದರು.

ಆ ಹೆಸರು ಹಿಡಿದು ಅವಳನ್ನು ಯಾರೂ ಕರೆಯದೆ ಎಷ್ಟೋ ವರ್ಷವಾಗಿತ್ತು. ಕಾಜಾ ಅಕ್ಕ ಎದ್ದು ನಿಂತಳು. ಬಡಗಿ ಮಾವ ಅವಳ ಸೆರಗು ಹಿಡಿದು ಎಳೆದ. ಅವಳು ಬಿಡಿಸಿಕೊಂಡಳು.

"ಸಾರ್, ಅದು ನಾನು. ಸುಳ್ಳು ಹೇಳಿದ್ದೆ."

ಮುಂದಿನ ಸಾಲುಗಳವರೆಲ್ಲ ಹಿಂದಕ್ಕೆ ತಿರುಗಿ ನೋಡಿದರು.

"ಒಂದನೇ ಶೆಡ್ಡು ಸಾರ್. ನಾನು, ನಮ್ಮ ಅತ್ತೆ, ನನ್ನ ಮಗಳು. ಹನ್ನೊಂದು ವರ್ಷದಿಂದ ಅಲ್ಲೇ ಇದ್ದೀವಿ. ಒಲೆ ಮೇಜಿನ ಕೆಳಗೆ ಇರುತ್ತೆ. ಹಾಸಿಗೆ ಅಟ್ಟದ ಮೇಲೆ. ನನ್ನ ಮಗಳು ದೊಡ್ಡವಳಾಗಿದ್ದು ಅಲ್ಲಿ. ಬರ್ಕೊಳ್ಳಿ."

ಅಧಿಕಾರಿ ಮೈಕು ಪಕ್ಕಕ್ಕೆ ಸರಿಸಿದರು. "ಅಮ್ಮಾ, ಇದನ್ನ ಬರ್ಕೊಂಡ್ರೆ ನಿಮಗೇ ತೊಂದರೆ. ಏಳು ದಿನದಲ್ಲಿ ಸೀಲು ಮಾಡಬೇಕಾಗುತ್ತೆ."

"ಮಾಡಿ ಸಾರ್. ಆದ್ರೆ ಇದ್ದವರನ್ನ ಎಬ್ಬಿಸಿದ್ವಿ ಅಂತ ಬರ್ಕೊಂಡು ಎಬ್ಬಿಸಿ. ಯಾರೂ ಇರಲಿಲ್ಲ ಅಂತ ಬೇಡ." ಅವಳು ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ನಾನು ಬೇರೆಯವರ ಮಾತು ಹೇಳ್ತಿಲ್ಲ. ಒಂದನೇ ಶೆಡ್ಡಿನ ಮಾತು ಮಾತ್ರ."

ಸಾಲಿನವರೆಲ್ಲ ನೆಲ ನೋಡುತ್ತ ಕೂತಿದ್ದರು. ಮುಗಿಯಿತು ಅಂದುಕೊಂಡಳು. ಆಗ ಅತ್ತೆಯ ದನಿ ಬಂತು.

"ನಾನು ಎದ್ದು ನಿಲ್ಲಕ್ಕಾಗಲ್ಲಪ್ಪ, ಕೂತೇ ಹೇಳ್ತೀನಿ. ನಿಮ್ಮೋರು ಬಂದಾಗಲೆಲ್ಲ ನನ್ನ ಮಿಷನ್ ಮುಂದೆ ಕೂರಿಸ್ತಾರೆ. ನನಗೆ ಹೊಲಿಗೆ ಬರಲ್ಲ."

ಯಾರೋ ನಕ್ಕರು. ಆ ನಗು ಎಲ್ಲೋ ಅಳುವಿಗೆ ತಿರುಗಿತು. ಬೀಗದವನ ಹೆಂಡತಿ ಎದ್ದು ನಿಂತಿದ್ದಳು. "ಹನ್ನೆರಡನೇ ಶೆಡ್ಡು" ಎಂದಳು. "ನಾವು ಐದು ಜನ. ಚಿಕ್ಕವನು ಹುಟ್ಟಿದ್ದೇ ಅಲ್ಲಿ, ಆಸ್ಪತ್ರೆಗೆ ಹೋಗೋಕೆ ಹೊತ್ತು ಸಿಗಲಿಲ್ಲ." ಡಬ್ಬಿ ಅಂಟಿಸುವ ಅಣ್ಣತಮ್ಮಂದಿರು ಎದ್ದರು. ಇಪ್ಪತ್ತಾರು, ಇಪ್ಪತ್ತೇಳನೇ ಶೆಡ್ಡು ಅಂದರು. ಬಡಗಿ ಮಾವ ತಲೆ ತಗ್ಗಿಸಿ ಕೂತೇ ಇದ್ದ. ಅವನ ಹೆಂಡತಿ ಎದ್ದು ಒಂಬತ್ತು ಅಂದಳು. ಆಮೇಲೆ ಅವನೂ ಎದ್ದ. "ಏಳು ಜನ ಸಾರ್" ಎಂದ. ಲಾರಿ ಹೋಯಿತು ಅನ್ನುವುದು ಅವನ ಮುಖದಲ್ಲಿ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತಿದ್ದ ನೋಡಿಲ್ಲಪ್ಪ ಫೋನು ನೋಡುತ್ತ ಹೊರಗೆ ಹೋದ.

ಮೇಜಿನ ತುದಿಯಲ್ಲಿ ಬರೆದುಕೊಳ್ಳಲು ಕೂತಿದ್ದ ಗುಮಾಸ್ತ ಪೆನ್ನು ಹಿಡಿದು ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಬೇಡ ಎಂದು ಕೈಯಾಡಿಸಿದರು. ಗಡಿಯಾರ ನೋಡಿದರು, ಫೈಲು ಕಟ್ಟಿದರು.

"ಐದಾಯ್ತು. ಸಭೆ ಮುಗೀತು. ಎಲ್ಲರೂ ಮನೆಗೆ ಹೊರಡಿ."

ಕಾಜಾ ಅಕ್ಕ ಹೊರಡಲಿಲ್ಲ. "ಯಾವ ಮನೆಗೆ ಸಾರ್?" ಎಂದು ಕೇಳಿದಳು. ಅವಳು ಕುಹಕಕ್ಕೆ ಕೇಳಿದ್ದಲ್ಲ. ಆ ಫೈಲಿನಲ್ಲಿ ಬರೆದಿದ್ದರೆ ಹೇಳಲಿ ಅಂತ ಕೇಳಿದ್ದು.

ಅಧಿಕಾರಿ ಫೈಲು ಕಂಕುಳಲ್ಲಿಟ್ಟುಕೊಂಡು ಹೊರಟರು. ಅವಳು ಅಲ್ಲೇ ಕುರ್ಚಿಯಲ್ಲಿ ಕೂತಳು. ನಿಂತಿದ್ದವರೆಲ್ಲ ಒಬ್ಬೊಬ್ಬರಾಗಿ ಕೂತರು. ಕಾವಲಿನವನು ಬಂದು ಫ್ಯಾನುಗಳನ್ನು ಒಂದೊಂದಾಗಿ ಆರಿಸಿದ, ಬಾಗಿಲ ಹತ್ತಿರ ಬೀಗ ಹಿಡಿದು ನಿಂತ. ಯಾರೂ ಏಳಲಿಲ್ಲ.